ಮುಖಪುಟದ ಹಿಂದಿನ ಕೈ

ಕೊಡಗಿನ ಮಳೆಗಾಲಕ್ಕೂ ಕಾಗದಕ್ಕೂ ಹಳೆಯ ವೈರ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಕಕ್ಕಡದ ಹೊತ್ತಿಗೆ ಗೋಡೆಯೊಳಗೆ ಇಳಿದಿರುತ್ತದೆ. ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಕಪಾಟಿನಲ್ಲಿಟ್ಟ ಪುಸ್ತಕದ ರಟ್ಟಿನ ಮೇಲೆ ಬೂದುಬಣ್ಣದ ಬೂಷ್ಟು ಏಳುತ್ತದೆ. ಮಳೆ ಬಿಟ್ಟ ಮೇಲೆ ಅಟ್ಟದ ಟ್ರಂಕು ತೆರೆದರೆ ಮೊದಲು ಬರುವುದು ವಾಸನೆ. ಆಮೇಲೆ ಒಂದಕ್ಕೊಂದು ಅಂಟಿಕೊಂಡ ಹಳೆಯ ಚಂದಮಾಮ, ಸುಧಾ, ಇಂದ್ರಜಾಲ, ಅಮರ ಚಿತ್ರಕಥೆಗಳ ಕಟ್ಟು. ಮೇಲಿನ ಪುಸ್ತಕವನ್ನು ಬಿಡಿಸಿ ತೆಗೆಯುವಾಗ ಕೆಳಗಿನದರ ಮುಖಪುಟ ಹರಿದು ಬರುತ್ತದೆ. ಒಳಗಿನ ಕಥೆ ಉಳಿಯುತ್ತದೆ; ಚಿತ್ರ ಹೋಗುತ್ತದೆ.

ಹಾಗೆ ಹೋದ ಚಿತ್ರಕ್ಕೆ ಬೆಲೆ ಎಷ್ಟು? ಮೂವತ್ತು ವರ್ಷಗಳ ಹಿಂದೆ ಈ ಪ್ರಶ್ನೆ ಕೇಳಿದ್ದರೆ ರದ್ದಿ ಅಂಗಡಿಯವನು ತಕ್ಕಡಿ ತೋರಿಸುತ್ತಿದ್ದ. ಇಂದು ಅದೇ ಮುಖಪುಟಗಳನ್ನು ಹುಡುಕಿಕೊಂಡು ಊರೂರು ಅಲೆಯುವವರಿದ್ದಾರೆ. ಮುದ್ರಿತ ಪ್ರತಿಯೇ ಸಿಗದವರು ಅದರ ಮರುಚಿತ್ರ ಬರೆಸಿಕೊಂಡು ಕಟ್ಟು ಹಾಕಿಸುತ್ತಾರೆ. ಚಿತ್ರಕಥೆಯ ಮುಖಪುಟ ಈಗ ಸಂಗ್ರಹಯೋಗ್ಯ ಕಲೆ. ಆದರೆ ಆ ಚಿತ್ರ ಬರೆದವರು ಯಾರು, ಅವರು ಬರೆದ ಮೂಲ ಹಾಳೆ ಎಲ್ಲಿದೆ, ಮರುಚಿತ್ರಕ್ಕೂ ಮೂಲಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭವಲ್ಲ.

ಅಚ್ಚಿಗೆ ಹೋಗಿ ಬಾರದ ಚಿತ್ರ

ಚಿತ್ರಕಥೆಯ ಒಳಪುಟ ಓದುವುದಕ್ಕೆ, ಮುಖಪುಟ ಕೊಳ್ಳಿಸುವುದಕ್ಕೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ ಹತ್ತಾರು ಪತ್ರಿಕೆಗಳ ನಡುವೆ ಮಗುವಿನ ಕಣ್ಣು ಒಂದರ ಮೇಲೆ ನಿಲ್ಲಬೇಕು. ಬಸ್ ಹೊರಡುವುದರೊಳಗೆ ಅದು ಅಪ್ಪನ ಅಂಗಿ ಹಿಡಿದು ಎಳೆಯಬೇಕು. ಅದಕ್ಕಾಗಿ ಪ್ರಕಾಶಕರು ಒಳಪುಟಕ್ಕೆ ಅಗ್ಗದ ಕಾಗದ ಬಳಸಿದರೂ ಹೊದಿಕೆಗೆ ನುಣುಪು ಕಾಗದ ಹಾಕುತ್ತಿದ್ದರು. ಒಳಗೆ ಕಪ್ಪು ಗೆರೆಯ ನಡುವೆ ಚಪ್ಪಟೆ ಬಣ್ಣ ತುಂಬಿದರೆ ಸಾಕಿತ್ತು. ಮುಖಪುಟವನ್ನು ಮಾತ್ರ ಕುಂಚ ಹಿಡಿದು, ನೆರಳು-ಬೆಳಕು ತಂದು, ಪೂರ್ಣ ವರ್ಣಚಿತ್ರವಾಗಿಯೇ ಬರೆಯಿಸುತ್ತಿದ್ದರು.

ಕಲಾವಿದ ಇದನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ, ದಪ್ಪ ರಟ್ಟಿನ ಮೇಲೆ ಪೋಸ್ಟರ್ ಬಣ್ಣಗಳಲ್ಲಿ ಬರೆಯುವುದು ವಾಡಿಕೆ. ಕಿರಿದು ಮಾಡಿದಾಗ ಗೆರೆಗಳ ಒರಟು ಮರೆಯಾಗುತ್ತದೆ. ಮೇಲ್ಭಾಗದಲ್ಲಿ ಹೆಸರಿನ ಪಟ್ಟಿಗೆ ಜಾಗ ಬಿಡಬೇಕು. ಬೆಲೆ, ಸಂಚಿಕೆಯ ಸಂಖ್ಯೆಗಳಿಗೂ ಮೂಲೆ ಉಳಿಸಬೇಕು. ಮುಗಿದ ಚಿತ್ರವನ್ನು ಕ್ಯಾಮೆರಾ ವಿಭಾಗದಲ್ಲಿ ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಬಣ್ಣಗಳಾಗಿ ಒಡೆದು ನಾಲ್ಕು ಪ್ಲೇಟು ಮಾಡುತ್ತಾರೆ. ಮುದ್ರಣದಲ್ಲಿ ಆ ನಾಲ್ಕೂ ಒಂದರ ಮೇಲೊಂದು ಕೂತಾಗ ಚಿತ್ರ ಮತ್ತೆ ಹುಟ್ಟುತ್ತದೆ. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ನಾಯಕನ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ.

ಪ್ಲೇಟು ತಯಾರಾದ ಕ್ಷಣದಿಂದ ಮೂಲಚಿತ್ರ ಕಚೇರಿಗೆ ಬೇಡದ ವಸ್ತು. ಅದನ್ನು ಕಲಾವಿದನಿಗೆ ಮರಳಿಸುವ ಪದ್ಧತಿ ಬಹುಕಾಲ ಎಲ್ಲಿಯೂ ಇರಲಿಲ್ಲ. ಕೆಲವು ಚಿತ್ರಗಳು ಬೀರುವಿನಲ್ಲಿ ಧೂಳು ತಿಂದವು, ಕೆಲವನ್ನು ಅತಿಥಿಗಳಿಗೆ ಉಡುಗೊರೆ ಕೊಟ್ಟರು, ಕೆಲವು ಕಚೇರಿ ಜಾಗ ಬದಲಿಸುವಾಗ ಕಸಕ್ಕೆ ಹೋದವು. ಕಲಾವಿದರೂ ಇದನ್ನು ಪ್ರಶ್ನಿಸಲಿಲ್ಲ. ಚಿತ್ರ ಬರೆದದ್ದು ಅಚ್ಚಾಗಲೆಂದು, ಅಚ್ಚಾದ ಮೇಲೆ ಕೂಲಿ ಬಂತು, ಲೆಕ್ಕ ತೀರಿತು. ಲಕ್ಷಾಂತರ ಮನೆ ಸೇರಿದ ಚಿತ್ರದ ಮೂಲ ಮಾತ್ರ ಯಾರ ಮನೆಯಲ್ಲೂ ಇಲ್ಲದ ವಿಚಿತ್ರ ಸ್ಥಿತಿ ಹೀಗೆ ಉಂಟಾಯಿತು.

ಬಸ್ಸಿನ ಮೇಲೆ ಬಂದ ಲೋಕ

ಕೊಡಗಿಗೆ ರೈಲು ಬಂದಿಲ್ಲ. ಪತ್ರಿಕೆಗಳ ಕಟ್ಟು ಮೈಸೂರಿನಿಂದ ಕುಶಾಲನಗರದ ದಾರಿಯಲ್ಲೋ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿಯೋ ಬರಬೇಕಿತ್ತು. ಮಳೆಗಾಲದಲ್ಲಿ ಘಾಟಿ ಕುಸಿದರೆ ಮುಂದುವರಿಯುವ ಕಥೆಯೂ ನಿಂತಂತೆ. ತೋಟದ ಮನೆಗಳು ಒಂದಕ್ಕೊಂದು ದೂರ. ಪಕ್ಕದ ಮನೆಯ ಮಗುವಿನೊಡನೆ ಆಡಲು ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕಾದ ಕಡೆ ಚಿತ್ರಪುಸ್ತಕ ಆಟದ ಗೆಳೆಯನ ಜಾಗ ತುಂಬುತ್ತದೆ. ಒಂದೇ ಸಂಚಿಕೆಯನ್ನು ಹತ್ತು ಸಲ ಓದಿ, ಅದರ ಹೊದಿಕೆಯ ಚಿತ್ರ ಕಣ್ಣು ಮುಚ್ಚಿದರೂ ಕಾಣುವಷ್ಟು ನಾಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಕನ್ನಡದ ಮಕ್ಕಳಿಗೆ ಮುಖಪುಟವನ್ನು ಕಲೆಯಾಗಿ ತೋರಿಸಿದ ಮೊದಲ ಪತ್ರಿಕೆಗಳಲ್ಲಿ ಚಂದಮಾಮ ಮುಖ್ಯವಾದುದು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದನ್ನು 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಕನ್ನಡದಲ್ಲೂ ಬಂತು. ಅದರ ಆರಂಭದ ಕಾಲದ ಮುಖಪುಟಗಳನ್ನು ಬರೆದವರಲ್ಲಿ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯ ಒಬ್ಬರು. ಮಹಾಭಾರತದ ಪ್ರಸಂಗಗಳನ್ನು ಅವರು ಬಿಡಿಸಿದ ಬಗೆ ಒಂದು ತಲೆಮಾರಿನ ಮನಸ್ಸಿನಲ್ಲಿ ಭೀಷ್ಮ, ಕರ್ಣರ ಮುಖಗಳನ್ನೇ ನಿಶ್ಚಯಿಸಿಬಿಟ್ಟಿತು. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಚಿತ್ರಕಲಾ ಶಾಲೆಯ ಹೆಸರೇ ಕೇಳದ ಊರುಗಳಿಗೂ ಅಂಚೆಯಣ್ಣ ಹೋಗುತ್ತಿದ್ದುದರಿಂದ ಆ ಪಾಠ ಎಲ್ಲಿಗೂ ತಲುಪಬಲ್ಲದಾಗಿತ್ತು.

ಅವರ ನಂತರ ಮುಖಪುಟದಲ್ಲಿ ಬಹುಕಾಲ ಕಂಡದ್ದು ವಡ್ಡಾದಿ ಪಾಪಯ್ಯನವರ ಕುಂಚ. ಅವರು ತೆಲುಗು ಲಿಪಿಯಲ್ಲಿ ಹಾಕುತ್ತಿದ್ದ ‘ವಪಾ’ ಎಂಬ ಪುಟ್ಟ ಸಹಿ ಕನ್ನಡದ ಮಕ್ಕಳಿಗೂ ಸಲೀಸಾಗಿ ಓದಲು ಬರುತ್ತಿತ್ತು. ಎರಡೂ ಲಿಪಿಗಳು ಅಷ್ಟು ಹತ್ತಿರ. ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರವನ್ನು ಬರೆದ ಕೆ.ಸಿ. ಶಿವಶಂಕರನ್ 1950ರ ದಶಕದ ಆರಂಭದಿಂದ ಆ ಪತ್ರಿಕೆಯಲ್ಲಿದ್ದರು. ಅವರು 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು; 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು. ಚಂದಮಾಮ ಅಷ್ಟರಲ್ಲಿ ನಿಂತು ವರ್ಷಗಳೇ ಕಳೆದಿದ್ದವು.

ಗೋವಿಂದರ ಕಾಡು

ಚಂದಮಾಮದ್ದು ಅರಮನೆ, ಆಶ್ರಮಗಳ ಲೋಕ. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಮುಂಬಯಿಯಿಂದ ಹೊರಡಿಸಿದ ಇಂದ್ರಜಾಲ ಕಾಮಿಕ್ಸ್ ತಂದದ್ದು ಬೇರೆಯದೇ ಕಾಡನ್ನು. ಅಮೆರಿಕದ ಲೀ ಫಾಕ್ 1936ರ ಫೆಬ್ರುವರಿ 17ರಂದು ಪತ್ರಿಕೆಗಳಲ್ಲಿ ಆರಂಭಿಸಿದ ಫ್ಯಾಂಟಮ್ ಅದರ ನಾಯಕ. ಮೈಗಂಟಿದ ಉಡುಪು, ಕಣ್ಣಿಗೆ ಕಪ್ಪು ಪಟ್ಟಿ, ತಲೆಬುರುಡೆಯ ಉಂಗುರ, ಬಿಳಿ ಕುದುರೆ, ಗುಹೆಯೊಳಗೆ ಸಿಂಹಾಸನ. ಮೊದಲ ಸಂಚಿಕೆ ಅವನ ಸೊಂಟಪಟ್ಟಿಯ ಕಥೆ. ಇಂಗ್ಲಿಷ್, ಹಿಂದಿಗಳಲ್ಲದೆ ಕನ್ನಡವೂ ಸೇರಿ ಇತರ ಭಾರತೀಯ ಭಾಷೆಗಳಲ್ಲೂ ಇಂದ್ರಜಾಲ ಪ್ರಕಟವಾಯಿತು. ಇತ್ತ ಸುಧಾ ವಾರಪತ್ರಿಕೆಯಲ್ಲೂ ಫ್ಯಾಂಟಮ್ ಕನ್ನಡ ಮಾತನಾಡುತ್ತಿದ್ದ.

ಒಳಗಿನ ಕಥೆ, ಚಿತ್ರ ಎಲ್ಲ ಅಮೆರಿಕದಿಂದ ಬಂದದ್ದು. ಹೊದಿಕೆ ಮಾತ್ರ ಇಲ್ಲಿಯದು. ಮೊದಲ ಸುಮಾರು 50 ಸಂಚಿಕೆಗಳ ಮುಖಪುಟಗಳನ್ನು ಬರೆದವರು ಬಿ. ಗೋವಿಂದ್, ಅಂದರೆ ಗೋವಿಂದ ಬ್ರಹ್ಮಣಿಯಾ. ಅಮೆರಿಕದ ಪತ್ರಿಕೆಯ ದಿನಕ್ಕೆ ಮೂರು ಚೌಕದ ಗೆರೆಚಿತ್ರಗಳಿಂದ ಒಂದು ಗಳಿಗೆಯನ್ನು ಆರಿಸಿ, ಅದನ್ನು ತುಂಬು ಬಣ್ಣದ ಒಂದೇ ದೃಶ್ಯವಾಗಿ ಮರುಕಲ್ಪಿಸುವುದು ಅವರ ಕೆಲಸ. ಆ ದೃಷ್ಟಿಯಿಂದ ನೋಡಿದರೆ ಇಂದ್ರಜಾಲದ ಮುಖಪುಟಗಳು ತಾವೇ ಒಂದು ಬಗೆಯ ಮರುಸೃಷ್ಟಿ. ಹಿಂಬದಿಯ ಹೊದಿಕೆಯಲ್ಲಿ ಗೋಡೆಗೆ ಅಂಟಿಸಬಹುದಾದ ಪೂರ್ಣಪುಟದ ಚಿತ್ರವೂ ಇರುತ್ತಿತ್ತು. ಮಕ್ಕಳು ಅದನ್ನು ಕತ್ತರಿಸಿ ಅಂಟಿಸಿಯೂಬಿಟ್ಟರು. ಆರಂಭದ ಸಂಚಿಕೆಗಳು ಹಿಂದೆ ಮುಂದೆ ಎರಡೂ ಹೊದಿಕೆಗಳೊಡನೆ ಅಪರೂಪವಾಗಿರುವುದಕ್ಕೆ ಗೆದ್ದಲಿನಷ್ಟೇ ಕತ್ತರಿಯೂ ಕಾರಣ.

ಭಾರತೀಯ ಓದುಗರಿಗೆ ಒಗ್ಗಲೆಂದು ಪ್ರಕಾಶಕರು ಮಾಡಿದ ಬದಲಾವಣೆಗಳೂ ಸ್ವಾರಸ್ಯವಾಗಿವೆ. ಫ್ಯಾಂಟಮ್‌ನ ಕಾಡಿನ ಮೂಲ ಹೆಸರು ಬಂಗಾಳವನ್ನು ನೆನಪಿಸುತ್ತಿದ್ದುದರಿಂದ ಇಲ್ಲಿ ಅದು ಡೆಂಕಾಲಿ ಆಯಿತು. ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು. 1976ರ ಡಿಸೆಂಬರ್‌ನಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ದೇಸಿ ನಾಯಕ ಬಹಾದೂರ್ ಬಂದಾಗ ಅವನಿಗೆ ರೂಪ ಕೊಟ್ಟವರೂ ಗೋವಿಂದ ಬ್ರಹ್ಮಣಿಯಾ ಅವರೇ. ಸುಮಾರು 800 ಸಂಚಿಕೆಗಳ ಬಳಿಕ 1990ರಲ್ಲಿ ಇಂದ್ರಜಾಲ ನಿಂತಿತು. ಸಂಗ್ರಹಕಾರರ ಅಲೆದಾಟ ಹುರುಪು ಪಡೆದದ್ದು ಅಲ್ಲಿಂದ ಮುಂದೆ. ಹರಿಯುವ ಹೊಳೆಯಿಂದ ಯಾರೂ ನೀರು ತುಂಬಿಡುವುದಿಲ್ಲ. ಬತ್ತಿದ ಮೇಲೆಯೇ ಕೊಡ ನೆನಪಾಗುವುದು.

ಕನ್ನಡದಲ್ಲಿ ಹುಟ್ಟಿದ ಅಮರ ಚಿತ್ರಕಥೆ

ಇಂದ್ರಜಾಲ ಆರಂಭವಾದ ದಿನಗಳಲ್ಲಿ ಅದೇ ಪ್ರಕಾಶನ ವಿಭಾಗದಲ್ಲಿದ್ದವರು ಕಾರ್ಕಳದ ಅನಂತ ಪೈ. 1929ರ ಸೆಪ್ಟೆಂಬರ್ 17ರಂದು ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡರ ಸುಮಾರಿಗೆ ಮುಂಬಯಿ ಸೇರಿದವರು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲದ್ದು ಕಂಡು ಅಮರ ಚಿತ್ರಕಥೆಯ ಯೋಚನೆ ಹೊಳೆಯಿತು ಎಂಬುದು ಅವರು ಮತ್ತೆ ಮತ್ತೆ ಹೇಳಿದ ಸಂಗತಿ.

ಈ ಕಥೆಗೆ ಕನ್ನಡದ ಒಂದು ಪೂರ್ವಭಾಗವಿದೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿಯೇ ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆ ತರುವ ಸಲಹೆ ಮುಂದಿಟ್ಟರು. ಸಿಂಡ್ರೆಲಾ, ಹಿಮಬಿಳುಪಿನ ರಾಜಕುಮಾರಿ, ಅಲ್ಲಾದೀನ್ ಮುಂತಾದ ಹತ್ತು ಪರದೇಶಿ ಕಥೆಗಳು ಅಮೆರಿಕದ ಮಕ್ಕಳ ಚಿತ್ರಮಾಲೆಯಿಂದ ಕನ್ನಡಕ್ಕೆ ಬಂದವು. ಅವು ಚೆನ್ನಾಗಿ ಮಾರಾಟವಾದದ್ದೇ ಮುಂದಿನ ಯೋಜನೆಗೆ ಧೈರ್ಯ ಕೊಟ್ಟಿತೆಂದು ಅನಂತರಾಮ್ ಹೇಳಿದ್ದಾರೆ. ಪೈ ಅವರ ಸಂಪಾದಕತ್ವದಲ್ಲಿ, ರಾಮ್ ವಾಯಿರ್‌ಕರ್ ಅವರ ಚಿತ್ರಗಳೊಡನೆ ಬಂದ ‘ಕೃಷ್ಣ’ದ ಸಂಖ್ಯೆ 1 ಅಲ್ಲ, 11. ಸಂಗ್ರಹಕಾರರನ್ನು ಮೊದಲಿಗೆ ತಬ್ಬಿಬ್ಬು ಮಾಡುವ ಈ ಸಂಖ್ಯೆಯ ಗುಟ್ಟು ಆ ಹತ್ತು ಪುಸ್ತಕಗಳಲ್ಲಿದೆ.

ಅಮರ ಚಿತ್ರಕಥೆಯ ಹೊದಿಕೆಗಳಲ್ಲಿ ಹಲವು ಪ್ರತಾಪ್ ಮುಳೀಕ್ ಅವರವು. ಕ್ಯಾಲೆಂಡರ್ ಚಿತ್ರದ ಭಕ್ತಿ, ಸಿನಿಮಾ ಪೋಸ್ಟರಿನ ಬಿರುಸು, ಅಮೆರಿಕದ ಟಾರ್ಜನ್ ಕಥೆಗಳ ಮೈಕಟ್ಟು, ಈ ಮೂರೂ ಅಲ್ಲಿ ಕೂಡಿದವು. ಇದಕ್ಕೂ ಹಿಂದೊಂದು ಪರಂಪರೆ ಇತ್ತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ತಮ್ಮ ದೇವದೇವಿಯರನ್ನು ಬಡವರ ಗೋಡೆಗೂ ತಲುಪಿಸಿದ್ದರು. ಕಲಬುರಗಿಯ ಎಸ್.ಎಂ. ಪಂಡಿತ್ ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳಿಂದ ಹೆಸರಾಗಿ, ಪುರಾಣದ ಕ್ಯಾಲೆಂಡರುಗಳಿಂದ ಮನೆಮಾತಾದರು. ಹುಟ್ಟೂರಿನ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ.

ಅಮರ ಚಿತ್ರಕಥೆ ದಶಕಗಳ ಕಾಲ ಮತ್ತೆ ಮತ್ತೆ ಅಚ್ಚಾಯಿತು. ಮರುಮುದ್ರಣಗಳಲ್ಲಿ ಕೆಲವಕ್ಕೆ ಹೊಸ ಮುಖಪುಟ ಬಂತು. ಒಮ್ಮೊಮ್ಮೆ ಅದೇ ದೃಶ್ಯವನ್ನು ಇನ್ನೊಂದು ಕೈ ಮತ್ತೆ ಬರೆಯಿತು, ಒಮ್ಮೊಮ್ಮೆ ಬಣ್ಣವಷ್ಟೇ ಬದಲಾಯಿತು. ಹೀಗಾಗಿ ಒಂದೇ ಕಥೆಯ ಎರಡು ಮೂರು ಮುಖಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ಸಂಗ್ರಹದ ಒಂದು ಸುಖ.

ಬೆಲೆ ಕಟ್ಟುವ ಬಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಿಂದ ಆರಂಭವಾಗುವ ಈ ಹುಡುಕಾಟಕ್ಕೆ ತನ್ನದೇ ಕಟ್ಟಳೆಗಳಿವೆ. ಮೊದಲು ನೋಡುವುದು ಬೆನ್ನಿನ ಮಡಿಕೆ; ಆಮೇಲೆ ಪಿನ್ನು. ತುಕ್ಕು ಹಿಡಿದ ಪಿನ್ನು ಕಾಗದವನ್ನು ತಿಂದಿರುತ್ತದೆ. ಮೂಲೆ ಮಡಚಿದೆಯೇ, ಹೊದಿಕೆಯ ಮೇಲೆ ಹೆಸರು ಗೀಚಿದೆಯೇ, ಬಾಡಿಗೆ ಲೈಬ್ರರಿಯ ಮೊಹರು ಬಿದ್ದಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಅಕ್ಕರೆಯಿಂದ ಬೈಂಡ್ ಮಾಡಿಸಿದ ಸಂಪುಟ ಓದುಗನಿಗೆ ವರ, ಸಂಗ್ರಹಕಾರನಿಗೆ ಶಾಪ. ಬೈಂಡರನು ಅಂಚು ಸಮ ಮಾಡುವಾಗ ಚಿತ್ರದ ಅಂಚೂ ಹೋಗಿರುತ್ತದೆ. ಎಷ್ಟೋ ಕಡೆ ಹೊದಿಕೆಗಳನ್ನೇ ಕಿತ್ತು ಹಾಕಿರುತ್ತಾರೆ.

ಮುದ್ರಿತ ಪ್ರತಿಯದ್ದು ಒಂದು ಬೆಲೆಯಾದರೆ ಮೂಲ ವರ್ಣಚಿತ್ರದ್ದು ಇನ್ನೊಂದೇ ಲೋಕ. ಬೆಲ್ಜಿಯಂನ ಎರ್ಜೆ ತಮ್ಮ ಟಿನ್‌ಟಿನ್ ಸಾಹಸ ‘ನೀಲಿ ಕಮಲ’ಕ್ಕೆ 1936ರಲ್ಲಿ ಒಂದು ಮುಖಪುಟ ಬರೆದಿದ್ದರು. ಅಷ್ಟು ಬಣ್ಣ ಮುದ್ರಿಸುವುದು ದುಬಾರಿ ಎಂದು ಪ್ರಕಾಶಕರು ತಿರಸ್ಕರಿಸಿದರು. ಎರ್ಜೆ ಅದನ್ನೇ ಸರಳ ಮಾಡಿ ಮತ್ತೆ ಬರೆದುಕೊಟ್ಟರು. ಅಚ್ಚಾದದ್ದು ಆ ಮರುಚಿತ್ರ. ಮಡಚಿದ ಮೊದಲ ಚಿತ್ರವನ್ನು ಎರ್ಜೆ ಪ್ರಕಾಶಕರ ಪುಟ್ಟ ಮಗನಿಗೆ ಕೊಟ್ಟರು, ಅದು ಮೇಜಿನ ಖಾನೆಯೊಂದರಲ್ಲಿ ದಶಕಗಳ ಕಾಲ ಕೂತಿತ್ತು ಎಂದು ಆ ಕುಟುಂಬ ಹೇಳುತ್ತದೆ. 2021ರ ಜನವರಿಯಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 32 ಲಕ್ಷ ಯೂರೋ. ಮಡಿಕೆಯ ಗುರುತುಗಳು ಚಿತ್ರದ ಮೇಲೆ ಹಾಗೆಯೇ ಇದ್ದವು.

ಎಲ್ಲ ಕಥೆಯೂ ಹೀಗೆ ಸುಖಾಂತವಲ್ಲ. ಅಮೆರಿಕದಲ್ಲಿ ಹಲವು ಪ್ರಸಿದ್ಧ ನಾಯಕರಿಗೆ ರೂಪ ಕೊಟ್ಟ ಜ್ಯಾಕ್ ಕರ್ಬಿ ತಾವು ಬರೆದ ಮೂಲ ಹಾಳೆಗಳಿಗಾಗಿ ಮಾರ್ವೆಲ್ ಸಂಸ್ಥೆಯೊಡನೆ 1980ರ ದಶಕದಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಕಡೆಗೆ ಸುಮಾರು 2,000 ಹಾಳೆಗಳು ಮರಳಿದವು. ಅವರು ಬರೆದದ್ದು ಅದರ ಹಲವು ಪಟ್ಟು. ಭಾರತದಲ್ಲಿ ಅಂಥ ಹೋರಾಟ ನಡೆದ ಸುದ್ದಿ ಕೇಳಿಬಂದದ್ದು ಕಡಿಮೆ. ಆದರೆ ಹಾಳೆ ಕಳೆದುಕೊಂಡ ಕಲಾವಿದರ ಸಂಖ್ಯೆ ಇಲ್ಲಿ ಕಡಿಮೆ ಇರಲಾರದು.

ಮರುಚಿತ್ರದ ಮೂರು ಬಗೆ

ಮೂಲ ಸಿಗದಿರುವಾಗ ಮರುಚಿತ್ರದ ಬೇಡಿಕೆ ಏಳುತ್ತದೆ. ಅದರಲ್ಲಿ ಮೊದಲ ಬಗೆ, ಕಲಾವಿದನೇ ತನ್ನ ಹಳೆಯ ಮುಖಪುಟವನ್ನು ಮತ್ತೆ ಬರೆಯುವುದು. ಡೊನಾಲ್ಡ್ ಡಕ್ ಕಥೆಗಳ ಕಾರ್ಲ್ ಬಾರ್ಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ದುಡಿದಷ್ಟು ಕಾಲವೂ ಅವರ ಹೆಸರು ಪುಸ್ತಕಗಳಲ್ಲಿ ಅಚ್ಚಾಗಲಿಲ್ಲ. ಓದುಗರು ಅವರನ್ನು ‘ಒಳ್ಳೆಯ ಬಾತುಕೋಳಿ ಕಲಾವಿದ’ ಎಂದಷ್ಟೇ ಗುರುತಿಸುತ್ತಿದ್ದರು. 1966ರಲ್ಲಿ ನಿವೃತ್ತರಾದ ಅವರನ್ನು ಅಭಿಮಾನಿಯೊಬ್ಬರು ಹಳೆಯ ಮುಖಪುಟವೊಂದನ್ನು ತೈಲವರ್ಣದಲ್ಲಿ ಬರೆದುಕೊಡುವಂತೆ ಕೇಳಿದರು. ಡಿಸ್ನಿ ಸಂಸ್ಥೆಯ ಒಪ್ಪಿಗೆ ಪಡೆದು 1971ರಿಂದ ಬಾರ್ಕ್ಸ್ ನೂರಕ್ಕೂ ಹೆಚ್ಚು ಚಿತ್ರ ಬರೆದರು. ಯಾರೋ ಅವುಗಳ ಅಚ್ಚುಪ್ರತಿಗಳನ್ನು ಕಳ್ಳತನದಿಂದ ಮಾರಿದ್ದರಿಂದ 1976ರಲ್ಲಿ ಒಪ್ಪಿಗೆ ರದ್ದಾಯಿತು. ಅದು ಮತ್ತೆ ಸಿಗಲು ವರ್ಷಗಳು ಬೇಕಾದವು. ಎಪ್ಪತ್ತು ದಾಟಿದ ಮುದುಕ ತನ್ನದೇ ಚಿತ್ರವನ್ನು ಬರೆಯಲು ಅನುಮತಿ ಬೇಡಬೇಕಾಗಿದ್ದುದು ವಿಚಿತ್ರವಾದರೂ ಕಾನೂನು ಇದ್ದದ್ದು ಹಾಗೆ.

ಎರಡನೆಯದು ಪ್ರಕಾಶಕರ ಮರುಚಿತ್ರ. ಮೂರನೆಯದು ಅಭಿಮಾನಿಯದು. ಈ ಮೂರನೆಯದರ ಬೇರು ಕನ್ನಡದ ಮನೆಗಳಲ್ಲಿ ಆಳವಾಗಿದೆ. ಮುಖಪುಟದ ಮೇಲೆ ಪೆನ್ಸಿಲಿನಲ್ಲಿ ಅರ್ಧ ಅಂಗುಲದ ಚೌಕಗಳನ್ನು ಎಳೆದು, ಡ್ರಾಯಿಂಗ್ ಹಾಳೆಯ ಮೇಲೆ ಒಂದು ಅಂಗುಲದ ಚೌಕ ಮಾಡಿ, ಚೌಕಕ್ಕೆ ಚೌಕ ಹೊಂದಿಸಿ ದೊಡ್ಡದು ಮಾಡುವ ವಿಧಾನ ಶಾಲೆಯ ಡ್ರಾಯಿಂಗ್ ಮೇಷ್ಟ್ರುಗಳು ಹೇಳಿಕೊಟ್ಟದ್ದು. ಶಾಲೆಯ ವಾರ್ಷಿಕೋತ್ಸವದ ಪರದೆಯಿಂದ ಹಿಡಿದು ಲಾರಿಯ ಹಿಂಬದಿಯ ಚಿತ್ರದವರೆಗೆ ಈ ಚೌಕಗಳ ವಿದ್ಯೆ ಕೆಲಸ ಮಾಡಿದೆ. ಕಲಾಶಾಲೆಗೆ ಹೋಗಲಾಗದ ಎಷ್ಟೋ ಮಂದಿಗೆ ವಪಾ, ಆಚಾರ್ಯ, ಗೋವಿಂದರ ಮುಖಪುಟಗಳೇ ಕೈ ತಿದ್ದಿದ ಅಕ್ಷರಮಾಲೆ. ಹಳೆಯ ಸಂಚಿಕೆಗಳ ಹೊದಿಕೆಯ ಮೇಲೆ ಮಾಸಿದ ಪೆನ್ಸಿಲ್ ಚೌಕಗಳು ಕಂಡರೆ ಸಂಗ್ರಹಕಾರ ಬೆಲೆ ಇಳಿಸುತ್ತಾನೆ. ಆದರೆ ಆ ಗೆರೆಗಳು ಅಲ್ಲೊಬ್ಬ ಶಿಷ್ಯನಿದ್ದ ಎಂಬುದಕ್ಕೆ ಸಾಕ್ಷಿ.

ಮರುಚಿತ್ರವೆಂದು ಹೇಳಿ ಮಾರಿದರೆ ಅದು ಗೌರವ. ಮೂಲವೆಂದು ಮಾರಿದರೆ ಮೋಸ. ಬಣ್ಣದ ಜೆರಾಕ್ಸ್ ಬಂದ ಮೇಲೆ ಹರಿದ ಹೊದಿಕೆಯ ಜಾಗದಲ್ಲಿ ಪ್ರತಿ ತೆಗೆದ ಹೊದಿಕೆ ಹಾಕಿ ‘ಪೂರ್ಣ’ ಎನ್ನುವವರೂ ಬಂದರು. ಭೂತಗನ್ನಡಿ ಹಿಡಿದರೆ ಇದು ತಿಳಿಯುತ್ತದೆ. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಪುಟ್ಟ ಹೂವಿನಂತೆ ಕ್ರಮವಾಗಿ ಕೂತಿರುತ್ತವೆ. ಪ್ರತಿ ತೆಗೆದದ್ದರಲ್ಲಿ ಆ ಕ್ರಮ ಕಲಸಿಹೋಗಿರುತ್ತದೆ. ಹೊದಿಕೆಯ ಪಿನ್ನಿನ ಬಳಿ ತುಕ್ಕಿನ ಕಲೆ ಇಲ್ಲದೆ ಒಳಪುಟದಲ್ಲಿ ಮಾತ್ರ ಇದ್ದರೂ ಅನುಮಾನಪಡಬೇಕು.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದು. ಮೂಲಚಿತ್ರ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕಲಾವಿದ ಅಥವಾ ಅವನ ವಾರಸುದಾರರಿಗೆ ಶೇ 10ರ ಮಿತಿಯೊಳಗೆ ಪಾಲು ಕೊಡುವ ನಿಯಮ 1994ರ ತಿದ್ದುಪಡಿಯಲ್ಲಿ ಬಂದಿದೆ. ಆದರೆ ಅದು ಹಕ್ಕಿನ ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಮಾತ್ರ. ಹೇಳಿಸಿಕೊಂಡು ಬರೆದ ಮುಖಪುಟದವನಿಗೆ ಅಲ್ಲಿಯೂ ಬಾಗಿಲು ಮುಚ್ಚಿದಂತೆಯೇ. ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕು ಮಾತ್ರ, ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟ ಮೇಲೂ, ಕಲಾವಿದನಲ್ಲೇ ಉಳಿಯುತ್ತದೆ. ಸಹಿ ಹಾಕಲು ಜಾಗವೇ ಇಲ್ಲದ ಮುಖಪುಟಗಳ ಕಾಲದಲ್ಲಿ ಆ ಹಕ್ಕನ್ನೂ ಬಳಸಿದವರು ವಿರಳ.

ಕೋವಿ ಮತ್ತು ಕಾಗದ

ಮಳೆಯ ನಾಡಿನಲ್ಲಿ ಈ ಕಾಗದಗಳನ್ನು ಉಳಿಸುವುದು ಹೇಗೆ? ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸಗಳೇ ಹೆಚ್ಚು ಕೆಡಿಸುತ್ತವೆ. ಹರಿದಲ್ಲಿ ಹಚ್ಚಿದ ಸೆಲೋಟೇಪು ಕೆಲವು ವರ್ಷಗಳಲ್ಲಿ ಕಂದು ಕಲೆ ಬಿಟ್ಟು ಉದುರುತ್ತದೆ. ಲ್ಯಾಮಿನೇಶನ್ ಮಾಡಿಸಿದ ಹೊದಿಕೆಯನ್ನು ಮತ್ತೆ ಬಿಡಿಸಲಾಗದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರೆ ತೇವವನ್ನೂ ಒಳಗೆ ಕಟ್ಟಿದಂತೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ನುಸಿಗುಳಿಗೆ ಹುಳುವನ್ನು ದೂರವಿಟ್ಟೀತು, ತೇವವನ್ನಲ್ಲ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆ ಕಾಗದವನ್ನು ಹಳದಿ ಮಾಡುತ್ತದೆ. ಪುಸ್ತಕಗಳನ್ನು ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಂತೆ ಇಡಬೇಕು. ಪುತ್ತರಿ ಕಳೆದು ಆಕಾಶ ತಿಳಿಯಾದ ಮೇಲೆ ಒಂದೊಂದನ್ನೂ ನೆರಳಿನಲ್ಲಿ ಬಿಡಿಸಿ ಆರಿಸಬೇಕು. ನೇರ ಬಿಸಿಲು ಮೊದಲು ತಿನ್ನುವುದು ಮುಖಪುಟದ ಕೆಂಪನ್ನು.

ವಸ್ತುಗಳನ್ನು ಜೋಪಾನ ಮಾಡುವುದು ಕೊಡಗಿಗೆ ಹೊಸದಲ್ಲ. ಕೈಲ್ ಮುಹೂರ್ತದ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೆಗೆದು ಒರೆಸಿ ಪೂಜಿಸುವ ನಾಡು ಇದು. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ 2021ರಲ್ಲಿ ಅವರ ಸ್ಮಾರಕ ಸಂಗ್ರಹಾಲಯವಾಯಿತು. ಕಬ್ಬಿಣಕ್ಕೂ ಕಲ್ಲಿಗೂ ಇರುವ ಈ ಅಕ್ಕರೆ ಅಗ್ಗದ ಕಾಗದಕ್ಕೆ ಸಿಗುವುದು ಕಷ್ಟ. ಐವತ್ತು ಪೈಸೆ, ಒಂದು ರೂಪಾಯಿಗೆ ಕೊಂಡದ್ದನ್ನು ಪಿತ್ರಾರ್ಜಿತವೆಂದು ಯಾರು ಎಣಿಸುತ್ತಾರೆ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆಗಳೇ ಮಣ್ಣಿನಡಿ ಹೋದವು. ಜೀವ, ಜಮೀನು ಹೋದಲ್ಲಿ ಕಾಗದದ ಲೆಕ್ಕ ಇಟ್ಟವರಿಲ್ಲ, ಇಡುವಂತೆಯೂ ಇರಲಿಲ್ಲ. ಆದರೆ ಅಂಥ ಪ್ರತಿ ಮನೆಯೊಡನೆ ಒಂದು ಕಾಲದ ಮಕ್ಕಳು ನೋಡಿದ್ದೆಲ್ಲವೂ ಸ್ವಲ್ಪ ಸ್ವಲ್ಪ ಕರಗಿತು.

ಮೂಲಚಿತ್ರಗಳು ಹೆಚ್ಚಾಗಿ ಉಳಿಯದಿರುವಾಗ, ಮುದ್ರಿತ ಮುಖಪುಟವೇ ಆ ಕಲಾವಿದರ ಕೈಗೆ ಉಳಿದ ಸಾಕ್ಷ್ಯ. ಅದಕ್ಕಾಗಿ ಸಂಗ್ರಹಕಾರರು ಮಾಡಬಹುದಾದ, ದುಡ್ಡು ಬೇಡದ ಒಂದು ಕೆಲಸವಿದೆ: ಬೇರೊಂದು ಚೀಟಿಯ ಮೇಲೆ ಸಂಚಿಕೆಯ ಹೆಸರು, ವರ್ಷ, ಚಿತ್ರ ಬರೆದವರ ಹೆಸರು ಗುರುತು ಹಾಕಿ ಒಳಗಿಡುವುದು. ಮರುಚಿತ್ರ ಬರೆದವರು ಹಿಂಬದಿಯಲ್ಲಿ ತಮ್ಮ ಹೆಸರಿನ ಜೊತೆಗೆ ಮೂಲ ಕಲಾವಿದರ ಹೆಸರನ್ನೂ ಬರೆಯುವುದು. ಗೋವಿಂದರ ಹೆಸರು ಗೊತ್ತಿಲ್ಲದೆಯೇ ಅವರ ಕಾಡಿನಲ್ಲಿ ಅಲೆದ ಮಕ್ಕಳು ಈಗ ಅಜ್ಜ ಅಜ್ಜಿಯರು. ಮುಂದಿನ ಮಳೆಗಾಲಕ್ಕೆ ಮೊದಲು ಅವರು ಟ್ರಂಕು ತೆರೆದಾರು. ತೆರೆದಾಗ ಹೊದಿಕೆಯ ಮೂಲೆಯಲ್ಲಿ ಒಂದು ಚಿಕ್ಕ ಸಹಿ ಇದೆಯೇ ಎಂದು ನೋಡಿದರೆ ಅಲ್ಲಿಗೆ ಒಂದು ಹಳೆಯ ಬಾಕಿ ಸ್ವಲ್ಪ ತೀರಿದಂತೆ.